ಗಾಜಿನ ಬಾಗಿಲಿನ ಕೀಲಿಕೈ

ಕೋಡಿಬಾಗದ ನಮ್ಮ ಕ್ಯಾಂಪಸ್ಸಿಗೆ ಗೇಟು ಒಂದೇ,
ವಿಭಾಗ ನಾಲ್ಕು, ವಿದ್ಯಾರ್ಥಿಗಳು ನೂರಾ ಹದಿನೇಳು.
ಮೂರು ನಾಯಿಗಳು ಹಾಜರಿ ಪುಸ್ತಕದಲ್ಲಿಲ್ಲ.
ಸುದ್ದಿ ಹಬ್ಬಲು ಇಲ್ಲಿ ನೋಟಿಸ್ ಬೇಕೇ?
ಕ್ಯಾಂಟೀನಿನ ಶೇವಂತಿ ಎರಡು ಸಲ ಕೆಮ್ಮಿದರೆ
ಸಂಜೆಯೊಳಗೆ ಹಾಸ್ಟೆಲಿನಲ್ಲಿ ಕಷಾಯ ಕುದಿಯುತ್ತದೆ.
ಆದರೂ ಬೋರ್ಡು ಉಂಟು, ಅದಕ್ಕೆ ಗಾಜಿನ ಬಾಗಿಲು ಉಂಟು,
ಕೀಲಿಕೈ ನನ್ನ ಸೆರಗಿನ ಗಂಟಿನಲ್ಲಿ
ಹತ್ತೊಂಬತ್ತು ವರ್ಷದಿಂದ.

ಉಪ್ಪುಗಾಳಿಗೆ ಗುಂಡುಪಿನ್ನು ತುಕ್ಕು ಹಿಡಿದು
ಪ್ರತಿ ಆದೇಶದ ಹಣೆಗೂ ಕಂದು ಬೊಟ್ಟು.
ಪರೀಕ್ಷಾ ಶುಲ್ಕಕ್ಕೆ ಇದು ಮೂರನೆಯ ಕೊನೆಯ ದಿನ.
ಮ್ಯೂಸಿಯಮ್ಮಿನ ತಿಮಿಂಗಿಲದ ಪಕ್ಕೆಲುಬಿನ ಮೇಲೆ
ಟವೆಲು ಒಣಹಾಕಬಾರದು ಎಂದು ವಾರ್ಡನ್ನರ ಸಹಿ.
ಕಳೆದಿದೆ: ನೀಲಿ ಛತ್ರಿ, ಹಿಡಿಯ ಮೇಲೆ ರೆಜಿನಾ ಎಂದು ಕೆತ್ತಿದೆ.
ಅದರಡಿ ಪೆನ್ಸಿಲ್ಲಿನಲ್ಲಿ ಯಾರೋ:
ಛತ್ರಿ ಕ್ಷೇಮ. ಮಳೆ ನಿಂತ ಮೇಲೆ ಬರುತ್ತದೆ.

ಎಡಗಡೆ ಕೆಳಮೂಲೆಯಲ್ಲಿ ಅಂಗೈಯಗಲದ ಚೀಟಿ,
ಮೊಹರಿಲ್ಲ, ಜಾವಕ ಸಂಖ್ಯೆ ಇಲ್ಲ.
ಪುರ್ಸು ಹರಿಕಂತ್ರನದು ಅದು,
ಮಕ್ಕಳನ್ನು ದೋಣಿಯಲ್ಲಿ ಕಾಂಡ್ಲಾ ಗಿಡಗಳ ಬುಡಕ್ಕೆ ಒಯ್ದು
ಕೆಸರು, ಏಡಿ, ಬಾಟಲಿ ನೀರು ಸಮೇತ ವಾಪಸು ತರುವವ,
ಟ್ರಿಪ್ಪಿಗೆ ಇಷ್ಟೆಂದು ವೋಚರಿಗೆ ಹೆಬ್ಬೆಟ್ಟಲ್ಲ, ಸಹಿಯನ್ನೇ ಹಾಕುವವ.
ಬೆಳಗಾದರೆ ಬರೆದು ತರುತ್ತಿದ್ದ: ಇಂದು ಉಬ್ಬರ ಇಷ್ಟಕ್ಕೆ, ಇಳಿತ ಇಷ್ಟಕ್ಕೆ.
ಗಾಳ ಹಾಕುವ ಲೈಬ್ರರಿಯವರಿಗೆ, ಬಳಚು ಹೆಕ್ಕುವ ಹೆಂಗಸರಿಗೆ,
ರಾತ್ರಿ ಪಾಳಿಯ ಜುಜೆ ಸಿದ್ದಿಗೆ, ಸುಮ್ಮನೆ ನಿಲ್ಲುವವರಿಗೆ,
ಮೊದಲು ಓದುವುದು ಆ ಮೂಲೆ, ಆಮೇಲೆ ಕುಲಸಚಿವರು.

ಭಾದ್ರಪದದ ಒಂದು ಗುರುವಾರ ಚೀಟಿ ಬರಲಿಲ್ಲ.
ಮಧ್ಯಾಹ್ನ ಸುದ್ದಿ ಬಂತು.

ಸಂತಾಪದ ನೋಟಿಸಿಗೆಂದು ಆಫೀಸಿಗೆ ಹೋದೆ.
ಸಾಹೇಬರು ಕೆಟ್ಟವರಲ್ಲ, ಕನ್ನಡಕ ಒರೆಸಿ ಒರೆಸಿ ಪುಟ ತಿರುಗಿಸಿದರು.
ಕಾಯಂ ಅಲ್ಲ, ಹಂಗಾಮಿ ಅಲ್ಲ, ಗುತ್ತಿಗೆಯೂ ಅಲ್ಲವಲ್ಲಮ್ಮ,
ಯಾವ ನಮೂನೆಯಲ್ಲಿ ಸೂಚಿಸಲಿ?
ದುಃಖಕ್ಕೂ ನಮೂನೆ ಉಂಟೆಂದು ಅಂದು ತಿಳಿಯಿತು.

ನಾಲ್ಕು ದಿನ ಆ ಮೂಲೆ ಖಾಲಿ.
ಐದನೆಯ ದಿನ ಎರಡನೆ ವರ್ಷದವರು
ಬೇರೆ ದೋಣಿಯಲ್ಲಿ ಹೋಗಿ ಹೂಳಿನಲ್ಲಿ ಸಿಕ್ಕಿಬಿದ್ದು
ಮೊಣಕಾಲಿನವರೆಗೆ ಕರಿ ಸಾಕ್ಸು ತೊಟ್ಟು ಬಂದರು.
ಫೋನು ಬಂದರಿನ ಲೆಕ್ಕ ಹೇಳಿತ್ತು,
ಬಂದರಿನಿಂದ ನಮ್ಮ ಕಾಳಿ ಹೊಳೆಯ ಕಟ್ಟೆಯವರೆಗೆ
ನೀರು ನಡೆದು ಬರಲು ಎಷ್ಟು ಹೊತ್ತೆಂದು ಫೋನಿಗೆ ಯಾರು ಹೇಳಬೇಕು?

ಆಗ ಬಿಸ್ಕಿಟಿನ ಡಬ್ಬಿ ನೆನಪಾಯಿತು.
ದಿನಾ ಹಳೆ ಚೀಟಿ ಕಿತ್ತು ಅದರೊಳಗೆ ಹಾಕುತ್ತಿದ್ದೆ, ಒಲೆ ಹೊತ್ತಿಸಲು.
ಗ್ಯಾಸು ಬಂದ ಮೇಲೆ ಹೊತ್ತಿಸಿದ್ದಿಲ್ಲ, ಎಸೆದದ್ದೂ ಇಲ್ಲ.
ಕ್ಯಾಂಟೀನಿನ ಮೇಜಿನ ಮೇಲೆ ಸುರಿದೆವು.
ಮುನೀರಾ ಶಾಬಂದ್ರಿ ತಿಥಿ ನೋಡಿ ಸಾಲು ಹಚ್ಚಿದಳು,
ಜುಜೆ ಓದಿ ಹೇಳಿದ, ಶೇವಂತಿ ಚಹಾ ಕೊಟ್ಟು
ಉದ್ರಿ ಪುಸ್ತಕ ತೆರೆಯಲಿಲ್ಲ.
ರಾತ್ರಿ ಒಂಬತ್ತಕ್ಕೆ ನಾಗವೇಣಿ ತಲೆಯೆತ್ತಿ ಅಂದಳು:
ನೀರು ದಿನಾ ಐವತ್ತು ನಿಮಿಷ ತಡ.
ಯಾರೋ ಅಂದರು, ನಮ್ಮ ಅಂಕೋಲಾ ಬಸ್ಸಿನ ಹಾಗೆ.
ಎಲ್ಲರೂ ನಕ್ಕೆವು. ಆಮೇಲೆ ನಗಲಿಲ್ಲ.
ಒಂದು ಅಷ್ಟಮಿಯ ಚೀಟಿಯ ಬೆನ್ನಿಗೆ ಅವನ ಅಕ್ಷರ:
ಇವತ್ತು ಲೆಕ್ಕ ನಂಬಬೇಡಿ, ಬಂದು ನೋಡಿ.

ಈಗ ಮೂಲೆಯಲ್ಲಿ ಚೀಟಿ ಉಂಟು, ದಿನಕ್ಕೊಂದು ಕೈಬರಹ.
ಮೊನ್ನೆ ಸಾಹೇಬರು ನಿಂತರು. ಮೊಹರಿಲ್ಲದ್ದು, ಕೀಳಿಸುತ್ತಾರೇನೋ ಎಂದು
ಗಂಟು ಬಿಗಿ ಹಿಡಿದೆ.
ಅವರು ಓದಿದರು, ಗಡಿಯಾರ ನೋಡಿಕೊಂಡರು,
ಚೀಲ ಹಿಡಿದು ಬಳಚಿನವರ ಕಡೆ ಬೇಗ ಬೇಗ ನಡೆದರು.

ಇಂದು ನನ್ನ ಸರದಿ. ಅಕ್ಷರ ಸೊಟ್ಟ, ಇರಲಿ:
ಬಹುಳ ಪಾಡ್ಯ. ಉಬ್ಬರ ಹನ್ನೆರಡು ಇಪ್ಪತ್ತಕ್ಕೆ.
ಜಾಗ ಉಳಿಯಿತೆಂದು ಇನ್ನೊಂದು ಸಾಲು ಸೇರಿಸಿದೆ:
ಮಳೆ ನಿಂತಿದೆ, ರೆಜಿನಾಳ ಛತ್ರಿ ಇನ್ನೂ ಬಂದಿಲ್ಲ.